ಮುಟ್ಟಿದ ಮೇಲೆ ಹೊರಟ ಡಬ್ಬಿ

ಕಲಬುರಗಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಕಂಪ್ಯೂಟರಿನ ಕೆಲಸ ನೋಡಿಕೊಳ್ಳುತ್ತೇನೆ. ಅದಕ್ಕೆ ಮೊದಲು ಆಳಂದದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಬೇಸಿಗೆ ಬಂತೆಂದರೆ ನೌಕರಿ ಹೋಗುತ್ತಿತ್ತು, ಮಳೆಗಾಲ ಬಂದರೆ ಮತ್ತೆ ಅರ್ಜಿ ಹಾಕಬೇಕಿತ್ತು. ಇಷ್ಟು ವರ್ಷ ಅತಿಥಿಯಾಗಿ ಉಳಿಯುವುದು ಯಾರ ಮನೆಯಲ್ಲೂ ಚೆನ್ನಲ್ಲವೆಂದು ಬಿಟ್ಟುಬಂದೆ. ಲ್ಯಾಬಿನಲ್ಲಿ ಬಿಲ್ಲು, ವರದಿ, ಪ್ರಿಂಟರು ನೋಡಿಕೊಂಡು ತಣ್ಣಗೆ ಇರಬಹುದು ಅಂದುಕೊಂಡಿದ್ದೆ. ಎರಡು ವರ್ಷ ತಣ್ಣಗೆ ಇದ್ದೆ ಕೂಡ.

ಲ್ಯಾಬಿನ ಯಜಮಾನರು ಒಬ್ಬ ಡಾಕ್ಟರು. ಒಳ್ಳೆಯ ಮನುಷ್ಯ, ಆದರೆ ಅವಸರದ ಮನುಷ್ಯ. ಆಳಂದ, ಅಫಜಲಪುರ, ಜೇವರ್ಗಿ, ಮೂರು ಕಡೆ ನಮಗೆ ಒಂದೊಂದು ಸಣ್ಣ ಕೇಂದ್ರ ಇದೆ. ಅಲ್ಲಿ ರಕ್ತ ತೆಗೆಯುತ್ತಾರೆ, ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಬಸ್ಸಿಗೆ ಕೊಡುತ್ತಾರೆ, ಕಲಬುರಗಿಯಲ್ಲಿ ಪರೀಕ್ಷೆ ಆಗುತ್ತದೆ. ಪ್ರತಿ ಕೇಂದ್ರಕ್ಕೂ ಲ್ಯಾಬಿನಿಂದಲೇ ಒಂದು ಮೊಬೈಲು ಕೊಟ್ಟಿದ್ದಾರೆ. ರೋಗಿಯ ಹೆಸರು ಬರೆದಾಗ ಒಂದು ಗುಂಡಿ, ಕೊಳವೆಗೆ ಚೀಟಿ ಅಂಟಿಸಿದಾಗ ಒಂದು, ರಕ್ತ ತೆಗೆದಾಗ ಒಂದು, ಡಬ್ಬಿ ಮುಚ್ಚಿದಾಗ ಒಂದು, ಡಬ್ಬಿ ಹೊರಟಾಗ ಒಂದು. ಕಲಬುರಗಿಯಲ್ಲಿ ಡಬ್ಬಿ ಕೈಗೆ ಬಂದಾಗ ನಾವೊಂದು ಗುಂಡಿ ಒತ್ತುತ್ತೇವೆ. ಒತ್ತಿದ ವೇಳೆ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ವರದಿಗಳು ತಡವಾಗುತ್ತಿವೆ ಎಂಬ ತಕರಾರು ಶುರುವಾದಾಗ ಡಾಕ್ಟರು ಹೈದರಾಬಾದಿನ ಯಾವುದೋ ಸಮ್ಮೇಳನಕ್ಕೆ ಹೋಗಿ ಬಂದರು. ಬಂದವರೇ ನನ್ನನ್ನು ಕರೆದರು.

"ಒಂದು ಸಾಫ್ಟ್‌ವೇರ್ ತಂದೇನಿ ನೋಡ್ರಿ ಮೇಡಮ್. ನಮ್ಮ ಮಂದಿ ಗುಂಡಿ ಒತ್ತಿದ ವೇಳೆ ಎಲ್ಲಾ ಅದಕ್ಕ ಕೊಟ್ರ, ಕೆಲಸ ಖರೇ ಹ್ಯಾಂಗ ನಡೀತದ ಅಂತ ತಾನೇ ಚಿತ್ರ ಬರೀತದ. ಮೂರೂ ಕೇಂದ್ರದ್ದು ಸೇರಿಸಿ ಒಂದು ಚಿತ್ರ ಮಾಡ್ರಿ. ಎಲ್ಲಿ ತಡ ಆಗಾಕತ್ತದ ಅಂತ ನೋಡೋಣು."

"ಒಂದೇ ಚಿತ್ರ ಯಾಕ್ರಿ ಸಾಹೇಬ್ರ? ಮೂರು ಊರು ಅವಲ್ರಿ."

"ಕೆಲಸ ಒಂದೇ ಅದಲ್ರಿ."

ಒಂದು ವರ್ಷದ ದಾಖಲೆಯನ್ನು ಅದಕ್ಕೆ ಕೊಟ್ಟೆ. ಬಂದ ಚಿತ್ರವನ್ನು ಈಗ ನೆನೆದರೂ ತಲೆ ಚಿಟ್ಟು ಹಿಡಿಯುತ್ತದೆ. ಹೊರಸಿನ ಮೇಲೆ ಒಣಗಲು ಹಾಕಿದ ಶ್ಯಾವಿಗೆಯನ್ನು ಕೋಳಿ ಕೆದರಿ ಹೋದಂತಿತ್ತು. ಎಲ್ಲದರಿಂದ ಎಲ್ಲದಕ್ಕೂ ಗೆರೆ. ರಕ್ತ ತೆಗೆದ ಮೇಲೆ ಹೆಸರು ಬರೆದವರಿದ್ದರು, ಡಬ್ಬಿ ಮುಚ್ಚಿದ ಮೇಲೆ ರಕ್ತ ತೆಗೆದವರಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಇದೇನ್ರಿ ಇದು" ಎಂದರು. ನನ್ನನ್ನೇ ಕೇಳಿದಂತಿತ್ತು, ನಾನೇ ಬಿಡಿಸಿದ ರಂಗೋಲಿ ಎಂಬಂತೆ.

ತಪ್ಪು ಎಲ್ಲಿದೆ ಎಂದು ಕಾಣಲು ನನಗೆ ಕೆಲವು ದಿನ ಬೇಕಾಯಿತು. ಒಂದು ವರ್ಷದ ಕೆಲಸವನ್ನೆಲ್ಲ ಒಂದೇ ಗಡಿಗೆಗೆ ಸುರಿದು, ಒಂದೇ ಅಡಿಗೆ ಎಂದು ಹೆಸರಿಡಲು ಹೊರಟಿದ್ದೆವು. ವರ್ಷವಿಡೀ ಯಾರೂ ಒಂದೇ ರೀತಿ ಕೆಲಸ ಮಾಡಿರಲಿಲ್ಲ. ಬೇಸಿಗೆಯಲ್ಲಿ ಬೆಳಗಿನ ಜಾವಕ್ಕೆ ಬಾಗಿಲು ತೆರೆಯುತ್ತಿದ್ದರು, ಮಳೆಯಲ್ಲಿ ಬಸ್ಸು ತಪ್ಪುತ್ತಿತ್ತು, ರಂಜಾನ್ ತಿಂಗಳಲ್ಲಿ ಅರ್ಧ ಮಂದಿ ಬರುವ ಹೊತ್ತೇ ಬೇರೆ. ನಾನು ದಾಖಲೆಯನ್ನು ಕಾಲಕ್ಕೆ ತಕ್ಕಂತೆ ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಚಿತ್ರ ತೆಗೆದು, ಒಂದರ ಪಕ್ಕ ಇನ್ನೊಂದನ್ನಿಟ್ಟು ನೋಡಿದೆ. ಆಗ ಕಂಡಿತು. ಕೆಲವು ಕಡೆ ಕೆಲಸದ ದಾರಿ ಒಂದೇ ದಿನದಲ್ಲಿ ಫಕ್ಕನೆ ಬದಲಾಗಿತ್ತು. ಕೆಲವು ಕಡೆ ಯಾರಿಗೂ ಗೊತ್ತಾಗದಂತೆ ವಾಲುತ್ತ ಹೋಗಿತ್ತು. ಆಳಂದದಲ್ಲಂತೂ ವಾರಕ್ಕೊಮ್ಮೆ ಬದಲಾಗಿ ಮರುದಿನ ಮೊದಲಿನ ಹಾಗೆ ಆಗುತ್ತಿತ್ತು. ಅದು ಸಂತೆಯ ದಿನ. ಖಜೂರಿಯ ಕಡೆಯವರು ಸಂತೆಗೆ ಬಂದವರು ರಕ್ತವನ್ನೂ ಕೊಟ್ಟು ಹೋಗುತ್ತಿದ್ದರು.

ಯಾವಾಗ ಬದಲಾಯಿತು ಎಂಬುದನ್ನು ಕಂಪ್ಯೂಟರು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದನ್ನು ಕೇಳಲು ಬಸ್ಸು ಹತ್ತಬೇಕು. ಅಲ್ಲಿಂದ ನನ್ನ ಹೈರಾಣ ಶುರುವಾಯಿತು.

ಮೊದಲು ಆಳಂದಕ್ಕೆ ಹೋದೆ. ಅಲ್ಲಿನ ಕೇಂದ್ರವನ್ನು ನೋಡಿಕೊಳ್ಳುವವರು ಐವತ್ತು ದಾಟಿದ ಗೃಹಸ್ಥರು, ಹಣೆಗೆ ಮೂರು ಬೆರಳಿನ ವಿಭೂತಿ, ಬಾಯಿ ತುಂಬ ಮಾತು. ಅವರ ದಾಖಲೆಯಲ್ಲಿ ಒಂದು ಚಮತ್ಕಾರವಿತ್ತು. ಒಂದು ದಿನದ ನಂತರ ಅವರ ಡಬ್ಬಿಗಳೆಲ್ಲ ಆಳಂದ ಬಿಡುವ ಮೊದಲೇ ಕಲಬುರಗಿ ಮುಟ್ಟುತ್ತಿದ್ದವು.

ಚಹಾ ಕುಡಿಯುತ್ತ ಕೇಳಿದೆ. "ಡಬ್ಬಿ ಇಲ್ಲಿಂದ ಹೊಂಡೂಕಿಂತ ಮೊದಲೇ ಕಲಬುರಗಿಗೆ ಹ್ಯಾಂಗ ಮುಟ್ತದ್ರಿ?"

"ಮುಟ್ತದಲ್ರಿ ಮೇಡಮ್, ದಿನಾ ಮುಟ್ತದ" ಎಂದರು ಅವರು.

"ಹೊಂಡೂಕಿಂತ ಮೊದಲು?"

"ಇಲ್ರಿ, ಹೊಂಟ ಮ್ಯಾಲೇ ಮುಟ್ತದ. ಆದ್ರ ಹೊಂಟದ ಅಂತ ನಾ ಹೇಳೂದು ಮುಟ್ಟಿದ ಮ್ಯಾಲ."

ನಾನು ಲೋಟ ಕೆಳಗಿಟ್ಟೆ. ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಒಮ್ಮೆ ಅವರು ಡಬ್ಬಿಯನ್ನು ಬಸ್ಸಿಗೆ ಕೊಟ್ಟು ಹೊರಟಿತು ಎಂದು ಗುಂಡಿ ಒತ್ತಿದ್ದರು. ಬಸ್ಸು ನರೋಣಾ ದಾಟುವುದರೊಳಗೆ ಕೆಟ್ಟು ನಿಂತಿತು. ಡಾಕ್ಟರು ಫೋನ್ ಮಾಡಿ, ಹೋಗಿದೆ ಅನ್ನುತ್ತೀರಿ, ಎಲ್ಲಿಗೆ ಹೋಗಿದೆ ಎಂದು ಬೈದರು. ಐಸು ಕರಗಿ ಅವತ್ತಿನ ರಕ್ತವೆಲ್ಲ ಕೆಟ್ಟಿತ್ತು.

"ಅವತ್ತಿನಿಂದ ನಾ ಒಂದ ನಿಯಮ ಮಾಡ್ಕೊಂಡೇನ್ರಿ" ಎಂದರು. "ಡಬ್ಬಿ ಬಸ್ಸಿಗಿ ಕೊಡ್ತೇನಿ. ನಿಮ್ಮ ಲ್ಯಾಬಿಗಿ ಫೋನ್ ಮಾಡ್ತೇನಿ. ಮುಟ್ಟೇದ ಅಂದ್ರಂದ್ರ, ಆಗ ಹೊಂಟದ ಅಂತ ಒತ್ತತೇನಿ. ಖಾತ್ರಿ ಇಲ್ದ ಮಾತು ಯಾಕ ಬರೀಬೇಕ್ರಿ?"

ಹೊರಟಾಗಲೇ ಒತ್ತಬೇಕೆಂದು ನಾನು ಹೇಳಿದೆ. ಯಾಕೆಂದೂ ಹೇಳಿದೆ. ದಾರಿಯಲ್ಲಿ ಎಷ್ಟು ಹೊತ್ತು ಹೋಯಿತೆಂದು ಗೊತ್ತಾಗಬೇಕಲ್ಲ. ಅವರು ಎಲ್ಲವನ್ನೂ ಕೇಳಿ "ಆಯ್ತ್ರಿ, ಅದಕ್ಕೇನು" ಎಂದರು. ಮುಂದಿನ ವಾರದ ದಾಖಲೆ ತೆಗೆದೆ. ಪ್ರತಿ ಡಬ್ಬಿಯೂ ಎರಡು ಸಲ ಹೊರಟಿತ್ತು. ಹೊರಟಾಗ ಒಮ್ಮೆ ನನ್ನ ಸಮಾಧಾನಕ್ಕೆ, ಮುಟ್ಟಿದ ಮೇಲೆ ಒಮ್ಮೆ ಅವರ ಸಮಾಧಾನಕ್ಕೆ. ಆಳಂದದ ಕೆಲಸ ಮತ್ತೊಮ್ಮೆ ಬದಲಾಗಿತ್ತು, ಈ ಸಲ ಬದಲಾಯಿಸಿದವಳು ನಾನು.

ಆ ದಿನಗಳಲ್ಲಿ ನಾನು ಮನೆಯಲ್ಲೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನನ್ನ ತವರು ನರೋಣಾ. ಆಳಂದದಿಂದ ಬರುವಾಗ ಒಮ್ಮೆ ಅಲ್ಲಿಳಿದು ತಮ್ಮನ ಮನೆಗೆ ಹೋದಾಗ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತ ನನ್ನ ಕೆಲಸ ಏನೆಂದು ಕೇಳಿದಳು. ಹೇಳಿದೆ. ಅವಳು ರೊಟ್ಟಿ ಮಗುಚಿ, "ಅಂದ್ರ ಮಂದಿ ಏನ್ ಮಾಡ್ತಾರಂತ ನೋಡೂದು. ಅದಕ್ಕ ಪಗಾರ ಕೊಡ್ತಾರೇನ್ರಿ ಅಕ್ಕಾರ?" ಎಂದಳು. ಕೊಡುತ್ತಾರೆ ಎಂದೆ. "ನಮ್ಮ ಓಣ್ಯಾಗ ಪುಕ್ಕಟೆ ನೋಡೂವರು ಭಾಳ ಮಂದಿ ಅದಾರ" ಎಂದಳು.

ಇತ್ತ ಡಾಕ್ಟರಿಗೆ ತಾಳ್ಮೆ ಮುಗಿದಿತ್ತು. ನಾನು ತುಂಡು ತುಂಡಾಗಿ ತಂದ ಚಿತ್ರಗಳನ್ನು ಅವರು ಮೇಜಿನ ಮೇಲೆ ಹರವಿಕೊಂಡು ನೋಡಿದರು. ಅಷ್ಟರಲ್ಲಿ ಅವರ ಕೈಗೆ ಜೇವರ್ಗಿಯ ಚಿತ್ರ ಸಿಕ್ಕಿತು. ಹೆಸರು, ಚೀಟಿ, ರಕ್ತ, ಡಬ್ಬಿ, ಬಸ್ಸು. ಹಗ್ಗ ಎಳೆದು ಕಟ್ಟಿದಷ್ಟು ನೆಟ್ಟಗೆ. ಒಂದು ಅಡ್ಡ ಗೆರೆ ಇರಲಿಲ್ಲ.

"ಇದು ನೋಡ್ರಿ ಕೆಲಸ" ಎಂದರು. "ಇದನ್ನ ದೊಡ್ಡದು ಮಾಡಿಸ್ರಿ. ಮೂರೂ ಕಡೆ ಗ್ವಾಡಿಗಿ ಹಾಕ್ರಿ. ಇನ್ನ ಮ್ಯಾಲ ಎಲ್ಲರೂ ಹಿಂಗೇ ಮಾಡಬೇಕು."

"ಸಾಹೇಬ್ರ, ಇದು ಇಷ್ಟು ನೆಟ್ಟಗ ಅದ ಅಂದ್ರ ನಂಗ ಸಂಶಯ ಬರ್ತದ್ರಿ. ಒಮ್ಮಿ ಹೋಗಿ ನೋಡಿ ಬರ್ತೇನಿ."

"ಸೊಟ್ಟ ಇದ್ರೂ ತಕರಾರು, ನೆಟ್ಟಗ ಇದ್ರೂ ತಕರಾರು ಏನ್ರಿ ನಿಮ್ಮದು?"

ನಾನು ಇನ್ನೇನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದು ಹಿಂದಿನ ಒಂದು ಸಂಗತಿ ಹೇಳಿದರು. ನಾನು ಲ್ಯಾಬಿಗೆ ಬರುವ ಮೊದಲಿನದು. ಹೆಸರು ಆಮೇಲೆ ಬರೆದರಾಯಿತು ಎಂದು ರಕ್ತ ಮೊದಲು ತೆಗೆದಿಟ್ಟಿದ್ದ ಒಂದು ದಿನ ಎರಡು ಕೊಳವೆ ಅದಲುಬದಲಾಗಿದ್ದವು. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದಿದ್ದ ಒಬ್ಬಳಿಗೆ ಬಸಿರಾಗಿದ್ದೀ ಎಂದು ವರದಿ ಹೋಯಿತು. ಮನೆಯವರು ಓಣಿಗೆಲ್ಲ ಪೇಢೆ ಹಂಚಿದರು. ನಾಲ್ಕಾರು ದಿನದ ಮೇಲೆ ಅದು ಬೇರೊಬ್ಬಳ ರಕ್ತವೆಂದು ತಿಳಿಯಿತು. ಡಾಕ್ಟರು ತಾವೇ ಆ ಮನೆಗೆ ಹೋಗಿ ಹೇಳಿದರು.

"ಆ ಹುಡುಗಿ ಅಳಲಿಲ್ರಿ" ಎಂದರು. "ಒಳಗ ಹೋಗಿ ನಂಗ ನೀರು ತಂದು ಕೊಟ್ಟಳು. ಅದಕ್ಕ ಹೇಳಾಕತ್ತೇನಿ, ಹೆಸರು ಮೊದಲು. ಹೆಸರಿಲ್ದ ಸೂಜಿ ಚುಚ್ಚಬಾರ್ದು."

ಜೇವರ್ಗಿಯ ಚಿತ್ರ ದೊಡ್ಡದಾಗಿ ಪ್ರಿಂಟಾಗಿ ಮೂರೂ ಗೋಡೆಗೆ ಹೋಯಿತು. ಆ ದಾರಿ ಬಿಟ್ಟವರ ಕೆಲಸವನ್ನು ಸಾಫ್ಟ್‌ವೇರು ಕೆಂಪು ಗೆರೆಯಲ್ಲಿ ತೋರಿಸುವಂತೆ ಮಾಡಿಸಿದರು. ವಾರಕ್ಕೊಮ್ಮೆ ಆ ಕೆಂಪು ಗೆರೆಗಳು ಕೇಂದ್ರಗಳಿಗೆ ಹೋಗತೊಡಗಿದವು. ಅಫಜಲಪುರದ ಚಿತ್ರ ಪೂರ್ತಿ ಕೆಂಪಾಗಿತ್ತು. ಎರಡನೆಯ ವಾರವೂ ಹಾಗೆಯೇ. ಮೂರನೆಯ ವಾರ ಒಂದೂ ಕೆಂಪು ಗೆರೆ ಇಲ್ಲ. ಡಾಕ್ಟರು ಖುಷಿಯಿಂದ ಮೇಜು ತಟ್ಟಿದರು. ಆದರೆ ರಕ್ತ ತೆಗೆಯುವ ಹೊತ್ತು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಜರುಗಿದ್ದನ್ನು ನಾನು ಗಮನಿಸಿದೆ. ಬೆಳಿಗ್ಗೆ ಬರುವವರು ಹಸಿದ ಹೊಟ್ಟೆಯಲ್ಲಿ ಬರುತ್ತಾರೆ. ಮಧ್ಯಾಹ್ನದ ತನಕ ಅವರು ಏನು ಮಾಡುತ್ತಿದ್ದಾರೆ? ನಾನು ಯಾರನ್ನೂ ಕೇಳದೆ ಮರುದಿನ ಮೊದಲ ಬಸ್ಸಿಗೆ ಅಫಜಲಪುರಕ್ಕೆ ಹೋದೆ.

ಕೇಂದ್ರದ ಮುಂದೆ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ರಸ್ತೆಯ ಅಂಚಿನಲ್ಲಿ ಮಂದಿ ಕೂತಿದ್ದರು. ಹೆಚ್ಚಿನವರು ಭೀಮಾ ದಂಡೆಯ ಹಳ್ಳಿಗಳಿಂದ ಬಂದವರು. ಒಳಗೆ ಟೆಕ್ನಿಷಿಯನ್ ಕೈ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನಲವತ್ತರ ಹೆಂಗಸು, ಇಳಕಲ್ ಸೀರೆಯ ಮೇಲೆ ಬಿಳಿ ಕೋಟು. ಅವಳಿಗೂ ನನಗೂ ಫೋನಿನಲ್ಲಿ ಬಹಳ ದಿನದ ಜಗಳವಿತ್ತು. ಏನು ಕೇಳಿದರೂ ಅರ್ಧ ಮಾತಿನಲ್ಲಿ ಫೋನು ಇಡುತ್ತಿದ್ದಳು.

"ಯಾಕ್ರಿ, ಮಂದಿ ಹೊರಗ ಕುಂತಾರಲ್ಲ?" ಎಂದು ಕೇಳಿದೆ.

"ನೆಟ್ ಬಂದಿಲ್ರಿ."

"ನೆಟ್ ಇಲ್ದಿದ್ರ ರಕ್ತ ತಗ್ಯಾಕ ಬರಾಂಗಿಲ್ಲೇನು?"

"ಹೆಸರು ಬರ್ಯಾಕ ನೆಟ್ ಬೇಕ್ರಿ. ಹೆಸರಿಲ್ದ ಚೀಟಿ ಬರಂಗಿಲ್ಲ. ಚೀಟಿ ಇಲ್ದ ರಕ್ತ ತಗೀಬಾರ್ದಂತ." ಅವಳು ಗಲ್ಲ ಎತ್ತಿ ಗೋಡೆಯ ಚಿತ್ರವನ್ನು ತೋರಿಸಿದಳು. "ನಿಮ್ಮ ಚಿತ್ರದಾಗೇ ಅದಲ್ರಿ."

ಮೊದಲು ಅವಳು ನೆಟ್ಟಿಗೆ ಕಾಯುತ್ತಿರಲಿಲ್ಲ. ರಕ್ತ ತೆಗೆದು, ಕೊಳವೆಗೆ ಪಟ್ಟಿ ಅಂಟಿಸಿ, ಪೆನ್ನಿನಿಂದ ಹೆಸರು ಬರೆದಿಡುತ್ತಿದ್ದಳು. ರಕ್ತದ ಗುಂಡಿಯನ್ನು ನೆಟ್ ಇಲ್ಲದೆಯೂ ಒತ್ತಲು ಬರುತ್ತಿತ್ತು, ಹೆಸರನ್ನು ಮಾತ್ರ ಮಧ್ಯಾಹ್ನ ನೆಟ್ ಬಂದ ಮೇಲೆ ಮೊಬೈಲಿಗೆ ಹಾಕುತ್ತಿದ್ದಳು. ಕೆಂಪು ಗೆರೆ ಬಂದದ್ದು ಅದಕ್ಕೆ. ಈಗ ಹುಕುಂ ಬಂದ ಮೇಲೆ ಅಕ್ಷರಕ್ಕೆ ಅಕ್ಷರ ಪಾಲಿಸುತ್ತಿದ್ದಳು. ಅದರಲ್ಲಿ ಸಿಟ್ಟೂ ಇತ್ತು. ಅವಳ ಮುಖ ನೋಡಿದರೆ ಅವಳಿಗೆ ಸ್ವಲ್ಪ ಸಂತೋಷವೇ ಆಗುತ್ತಿರುವಂತೆ ಕಂಡು ನನಗೆ ಮೈ ಉರಿಯಿತು.

ಏನಾದರೂ ಅನ್ನಬೇಕು ಎನ್ನುವಷ್ಟರಲ್ಲಿ ಹೊರಗೆ ಗದ್ದಲವಾಯಿತು. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ಪಕ್ಕಕ್ಕೆ ವಾಲಿದ್ದಳು. ಜೊತೆಗಿದ್ದ ಮಗಳು "ಯವ್ವಾ, ಯವ್ವಾ" ಎಂದು ಗಲ್ಲ ತಟ್ಟುತ್ತಿದ್ದಳು. ಹಣೆಯ ಮೇಲೆ ಬೆವರು, ಕೈ ನಡುಗುತ್ತಿತ್ತು. ಟೆಕ್ನಿಷಿಯನ್ ಓಡಿ ಬಂದು ನಾಡಿ ಹಿಡಿದಳು.

"ಮುಂಜಾನಿ ಸಕ್ಕರಿ ಬ್ಯಾನಿ ಗುಳಿಗಿ ನುಂಗ್ಯಾಳೇನು?" ಎಂದು ಕೇಳಿದಳು.

"ಹೌದ್ರಿ, ದಿನಾ ನುಂಗತಾಳ. ಊಟ ಮಾಡ್ಲಾರ್ದ ಬರ್ರಿ ಅಂದಿದ್ರಿ, ಗುಳಿಗಿ ಬಿಡ್ರಿ ಅಂತ ಹೇಳಿಲ್ರಿ" ಎಂದಳು ಮಗಳು.

ಎದುರಿನ ಹೋಟೆಲಿಗೆ ನಾನೇ ಓಡಿದೆ. ಲೋಟದ ತುಂಬ ಸಕ್ಕರೆ ಹಾಕಿಸಿ ಚಹಾ ತಂದೆ. ಟೆಕ್ನಿಷಿಯನ್ ಮುದುಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಮುದುಕಿ ಕಣ್ಣು ತೆರೆದು, ಸುತ್ತ ಮಂದಿ ನಿಂತದ್ದನ್ನು ಕಂಡು ಸೆರಗು ಸರಿಮಾಡಿಕೊಂಡಳು. ನಾನು ಖಾಲಿ ಲೋಟ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಮಗಳು ನನ್ನ ಹತ್ತಿರ ಬಂದಳು. "ಚಾ ಕುಡದಾಳಲ್ರಿ, ಈಗ ರಕ್ತ ತಗೊಳ್ಳಾಂಗಿಲ್ಲ ಹೌದಲ್ರಿ?"

"ಉಪಾಸದ ಪರೀಕ್ಷಾ ಇವತ್ತ ಆಗಂಗಿಲ್ಲ ಯವ್ವಾ."

"ತೊಗರಿ ರಾಶಿ ಬಿಟ್ಟು ಬಂದೀನ್ರಿ. ಮತ್ತ ನಾಳಿ ಬರಬೇಕು" ಎಂದಳು. ಬೈದಿದ್ದರೆ ಮೇಲಿತ್ತು. ಅವಳು ತಾಯಿಯ ಚೀಲ ಎತ್ತಿಕೊಂಡು ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದವರನ್ನು ಕೇಳುತ್ತ ಹೊರಟಳು.

ಒಳಗೆ ಬಂದು ನಾನು ಟೆಕ್ನಿಷಿಯನ್ ಮೇಲೆ ಹರಿಹಾಯ್ದೆ. "ನಿಮಗ ಕಣ್ಣಿಲ್ಲೇನ್ರಿ? ನೆಟ್ ಇಲ್ಲಂತ ಒಂದು ಫೋನ್ ಮಾಡಬಾರ್ದೇನು?"

"ಮಾಡಿದ್ದೆ ಮೇಡಮ್ರಿ" ಎಂದಳು. ಅವಳ ದನಿಯಲ್ಲಿ ಆಗ ಸಂತೋಷವೇನೂ ಇರಲಿಲ್ಲ, ಕೈ ಇನ್ನೂ ಚಹಾದಿಂದ ಒದ್ದೆಯಾಗಿತ್ತು. "ಮೊದಲನೇ ಕೆಂಪು ಗೆರಿ ಬಂದಾಗ ಸಾಹೇಬ್ರಿಗಿ ಮಾಡಿದ್ದೆ. ಚಿತ್ರ ನೋಡಿ ಮಾಡ್ರಿ ಅಂದ್ರು. ಎಲ್ಡನೇದು ಬಂದಾಗ ಮಾಡಿದ್ದೆ, ಜೇವರ್ಗ್ಯಾಗ ಆಗ್ತದ, ನಿಮಗ್ಯಾಕ ಆಗಂಗಿಲ್ಲ ಅಂದ್ರು. ಮತ್ತ ಯಾರಿಗಿ ಮಾಡ್ಲಿ?"

ನಾನು ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿದೆ. ಮುದುಕಿಯ ಸಂಗತಿ ಹೇಳಿದೆ.

"ಈಗ ಹ್ಯಾಂಗ ಅದಾಳ?" ಎಂದರು.

"ಆರಾಮ ಅದಾಳ್ರಿ. ಇನ್ನೂ ಭಾಳ ಮಂದಿ ಉಪಾಸ ಕುಂತಾರ. ರಕ್ತ ತಗ್ಯಾಕ ಹೇಳಲೇನ್ರಿ?"

"ತಗೀಲಿ. ಹೆಸರು ಪೆನ್ನಿಲೆ ಬರೀಲಿ. ಎಲ್ಡು ಸಲ ಕೇಳಿ ಬರೀಲಿ." ಫೋನಿಡುವಾಗ, "ಉಳದದ್ದು ಆಮ್ಯಾಲ ಮಾತಾಡೋಣು" ಎಂದರು.

ಆಮೇಲೆ ಮಾತಾಡುವ ಮೊದಲು ನನಗೆ ಜೇವರ್ಗಿಯನ್ನು ನೋಡಬೇಕಿತ್ತು. ಎರಡು ದಿನ ಬಿಟ್ಟು, ಹೇಳದೆ ಕೇಳದೆ ಹೋದೆ. ಅಲ್ಲಿನ ಟೆಕ್ನಿಷಿಯನ್ ಇತ್ತೀಚೆಗೆ ಮದುವೆಯಾದ ಯುವಕ, ಬಹಳ ನಯ. ಕೇಂದ್ರ ಕನ್ನಡಿಯ ಹಾಗೆ ಸ್ವಚ್ಛ. ನನ್ನನ್ನು ಕೂಡಿಸಿ, ತಿನ್ನಲು ಚುರುಮುರಿ ಸೂಸಲಾ ತರಿಸಿ, ತನ್ನ ಪಾಡಿಗೆ ತಾನು ಕೆಲಸ ಮಾಡಿದ. ಇಡೀ ಬೆಳಿಗ್ಗೆ ಅವನು ಮೊಬೈಲನ್ನು ಮುಟ್ಟಲಿಲ್ಲ. ಮಂದಿ ಬಂದರು, ರಕ್ತ ಕೊಟ್ಟರು, ಹೋದರು. ಕೊಳವೆಗಳ ಮೇಲೆ ಅವನು ಪೆನ್ನಿನಿಂದ ಹೆಸರು ಬರೆದಿಟ್ಟ. ಎಲ್ಲರೂ ಹೋದ ಮೇಲೆ ಬಾಗಿಲು ಅರ್ಧ ಮುಚ್ಚಿ, ಕೊಳವೆಗಳ ಟ್ರೇ ಎದುರಿಗಿಟ್ಟುಕೊಂಡು, ಮೊಬೈಲು ತೆಗೆದು ಗುಂಡಿ ಒತ್ತತೊಡಗಿದ. ಹೆಸರು, ಚೀಟಿ, ರಕ್ತ, ಡಬ್ಬಿ, ಬಸ್ಸು. ಮುಂದಿನವರದು. ಹೆಸರು, ಚೀಟಿ, ರಕ್ತ, ಡಬ್ಬಿ, ಬಸ್ಸು. ಡಬ್ಬಿ ಇನ್ನೂ ಮೂಲೆಯಲ್ಲಿ ಬಾಯಿ ತೆರೆದು ಕೂತಿತ್ತು.

"ಇದು ದಿನಾ ಹಿಂಗೇನಪ್ಪಾ?" ಎಂದು ಕೇಳಿದೆ.

"ಹೌದ್ರಿ ಮೇಡಮ್" ಎಂದ. ಮುಚ್ಚಿಡುವ ಯೋಚನೆಯೇ ಅವನಿಗೆ ಬಂದಂತಿರಲಿಲ್ಲ. "ಮುಂಜಾನಿ ಮಂದೀನ್ನ ನೋಡ್ಲ್ಯೋ, ಮೊಬೈಲ್ ನೋಡ್ಲ್ಯೋ? ಒಮ್ಮೆ ಕುಂತು ಎಲ್ಲಾ ಬರಾಬರ್ ಮಾಡಿಬಿಡ್ತೇನ್ರಿ. ಮೊದಲಿಗಿ ನಾನೂ ಆವಾಗಾವಾಗ ಒತ್ತುತಿದ್ದೆ, ಭಾಳ ತಪ್ಪು ಬೀಳತಿದ್ದವು."

ಗೋಡೆಯ ಮೇಲೆ ಅವನದೇ ಕೆಲಸದ ಚಿತ್ರ ಇತ್ತು, ಸುತ್ತ ಪ್ಲಾಸ್ಟಿಕ್ಕಿನ ಹೂವಿನ ಮಾಲೆ ಹಾಕಿದ್ದ. ಅತ್ತೆಯ ಮನೆಯವರು ಬಂದಾಗ ತೋರಿಸಿದನಂತೆ. ಆಳಂದದವರು ಹೇಗೆ ಮಾಡಬೇಕೆಂದು ಫೋನು ಮಾಡಿ ಕೇಳುತ್ತಾರಂತೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಬೆಳಗಿನ ಕೆಲಸದ ಒಂದು ಕಣವೂ ಆ ಚಿತ್ರದಲ್ಲಿರಲಿಲ್ಲ. ಅವನು ಬಾಗಿಲು ಅರ್ಧ ಮುಚ್ಚಿಕೊಂಡು ಒತ್ತಿದ ಗುಂಡಿಗಳ ಚಿತ್ರವನ್ನು ನಾವು ಮೂರು ತಾಲೂಕಿಗೆ ಕಾನೂನು ಮಾಡಿದ್ದೆವು.

ಡಾಕ್ಟರ ಕೋಣೆಯಲ್ಲಿ ಮರುದಿನ ನಡೆದದ್ದು ಜಗಳವೇ. ನಾನು ಜೇವರ್ಗಿಯ ವೇಳೆಗಳನ್ನು ತೋರಿಸಿದೆ. ಒಬ್ಬ ರೋಗಿಯ ಇಡೀ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಅವರು ಮೊದಲು ನಂಬಲಿಲ್ಲ. ಆಮೇಲೆ ಹುಡುಗನನ್ನು ತೆಗೆದುಹಾಕುತ್ತೇನೆ ಎಂದರು. ಆಮೇಲೆ ಸಾಫ್ಟ್‌ವೇರು ಮಾರಿದವನನ್ನು ಬೈದರು. ಎಲ್ಲ ಮುಗಿದ ಮೇಲೆ ಕುರ್ಚಿಗೆ ಒರಗಿ ಕೇಳಿದರು.

"ಹಂಗಾದ್ರ ಖರೇ ಚಿತ್ರ ಯಾವುದ್ರಿ?"

"ಯಾವ ಊರಿಂದು ಕೇಳ್ತೀರಿ? ಯಾವ ತಿಂಗಳದ್ದು ಕೇಳ್ತೀರಿ?" ಎಂದೆ. ನನ್ನ ದನಿಯೂ ಏರಿತ್ತು. "ಮಂದಿ ಕೆಲಸ ಬದಲಾಯಿಸ್ಕೋತ ಇರ್ತಾರ್ರಿ. ಬಸ್ಸು ಕೆಟ್ರ ಬದಲಾಗ್ತದ, ನೆಟ್ ಹೋದ್ರ ಬದಲಾಗ್ತದ, ನೀವು ಬೈದ್ರ ಬದಲಾಗ್ತದ. ನಾ ಹೋಗಿ ಕೇಳಿದ್ರೂ ಬದಲಾಗ್ತದ. ಎಲ್ಲಿ ಬದಲಾತು ಅಂತ ನಾ ತೋರಸ್ತೇನಿ. ಅದು ತಪ್ಪೋ ಸರಿಯೋ ಅಂತ ಹೋಗಿ ನೋಡ್ಬೇಕು. ಗ್ವಾಡಿಗಿ ಹಾಕಾಕ ಏನೂ ಇಲ್ಲ."

"ಪೇಢೆ ಹಂಚಿದ್ದು ಮರೀಲೇನ್ರಿ ನಾ?"

"ಮರೀಬ್ಯಾಡ್ರಿ. ಆದ್ರ ಮುದುಕಿ ಬಿದ್ದದ್ದೂ ಮರೀಬ್ಯಾಡ್ರಿ."

ಅಷ್ಟು ಹೇಳಿ ನಾನು ಎದ್ದು ಬಂದೆ. ಅವತ್ತು ಸಂಜೆ ಮನೆಯವರ ಹತ್ತಿರ ನೌಕರಿ ಬಿಡುತ್ತೇನೆ ಎಂದೆ. "ಬಿಡು" ಎಂದರು ಅವರು, ಪೇಪರಿನಿಂದ ತಲೆ ಎತ್ತದೆ. ಈ ಮಾತನ್ನು ಅವರು ಬಹಳ ಸಲ ಕೇಳಿದ್ದರು.

ಮುಂದಿನ ಸೋಮವಾರ ಡಾಕ್ಟರು ತಾವೇ ಅಫಜಲಪುರಕ್ಕೆ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಟೆಕ್ನಿಷಿಯನ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ನೆಟ್ಟು ಬರಲಿಲ್ಲ. ತಮ್ಮ ಮೊಬೈಲನ್ನು ಕಿಟಕಿಯ ಹೊರಗೆ ಹಿಡಿದು ನೋಡಿದರು, ಮಾಳಿಗೆ ಹತ್ತಿ ನೋಡಿದರು. ಕಾಯುತ್ತಿದ್ದವರಲ್ಲಿ ಒಬ್ಬ, ಇವರೂ ರಕ್ತ ಕೊಡಲು ಬಂದವರೆಂದು ತಿಳಿದು, "ಗಡಬಡಿ ಮಾಡಬ್ಯಾಡ್ರಿ ಕಾಕಾ, ಮಧ್ಯಾಹ್ನಕ್ಕ ಬರ್ತದ" ಎಂದ. ಡಾಕ್ಟರು ಕೆಳಗಿಳಿದು ಬಂದು ಕೋಟು ಕಳಚಿ ತಾವೇ ಕೆಲವರ ರಕ್ತ ತೆಗೆದರು. ಪ್ರತಿ ಕೊಳವೆಯ ಮೇಲೂ ಕೇಳಿ ಕೇಳಿ ಹೆಸರು ಬರೆದರು. ಅವರ ಅಕ್ಷರ ಯಾರಿಗೂ ಓದಲು ಬರಲಿಲ್ಲ. ಟೆಕ್ನಿಷಿಯನ್ ರೋಗಿಗಳನ್ನು ಮತ್ತೆ ಕೇಳಿ ಎಲ್ಲವನ್ನೂ ಬರೆದಳು.

ಬರುವಾಗ ಕಾರಿನಲ್ಲಿ ಇಬ್ಬರೂ ಒಂದು ಉಪಾಯ ಮಾಡಿದೆವು. ನಂಬರು ಮೊದಲೇ ಅಚ್ಚಾದ ಚೀಟಿಗಳ ಸುರುಳಿ ಕಲಬುರಗಿಯಿಂದಲೇ ಹೋಗುತ್ತದೆ. ಒಂದೇ ನಂಬರಿನ ಎರಡು ಚೀಟಿ. ರಕ್ತ ತೆಗೆಯುವಾಗ ಒಂದು ಕೊಳವೆಗೆ, ಇನ್ನೊಂದು ರೋಗಿಯ ಕೈಯಲ್ಲಿನ ರಸೀದಿಗೆ. ಹೆಸರನ್ನು ಆಗಲೇ ಪೆನ್ನಿನಿಂದ ಕೊಳವೆಯ ಚೀಟಿಯ ಮೇಲೆ ಬರೆದಿಟ್ಟು, ನೆಟ್ಟು ಬಂದಾಗ ಆ ನಂಬರಿಗೆ ಜೋಡಿಸಿದರಾಯಿತು. ಹಸಿದವರು ಕಾಯಬೇಕಿಲ್ಲ, ಕೊಳವೆ ಅದಲುಬದಲಾಗುವ ಭಯವೂ ಕಡಿಮೆ. ಮೂರೂ ಗೋಡೆಯ ಚಿತ್ರಗಳನ್ನು ಇಳಿಸಿದೆವು. ಜೇವರ್ಗಿಯವನು ಮಾತ್ರ ತನ್ನದನ್ನು ಮನೆಗೆ ಒಯ್ಯುತ್ತೇನೆಂದು ಕೇಳಿ ತೆಗೆದುಕೊಂಡ. ಡಾಕ್ಟರು ಅವನನ್ನು ಕೆಲಸದಿಂದ ತೆಗೆಯಲಿಲ್ಲ, ಸೂಜಿ ಚುಚ್ಚಲು ಅಷ್ಟು ಹಗುರ ಕೈಯವನು ಸಿಗುವುದಿಲ್ಲ ಎಂದರು.

ಆ ಮುದುಕಿ ನಾಲ್ಕು ದಿನ ಬಿಟ್ಟು ಗುಳಿಗೆ ನುಂಗದೆ ಬಂದು ರಕ್ತ ಕೊಟ್ಟಳೆಂದು ಟೆಕ್ನಿಷಿಯನ್ ಫೋನಿನಲ್ಲಿ ಹೇಳಿದಳು. ಅವಳಾಗಿಯೇ ನನಗೆ ಫೋನು ಮಾಡಿದ್ದು ಅದೇ ಮೊದಲು. ಹೊರಗೆ ಕಾಯುವ ಪ್ರತಿಯೊಬ್ಬರನ್ನೂ ಗುಳಿಗೆ ನುಂಗಿದ್ದೀರಾ ಎಂದು ಕೇಳುವುದನ್ನು ಶುರುಮಾಡಿದ್ದೇನೆ ಎಂದಳು. ಅದಕ್ಕೊಂದು ಗುಂಡಿ ಇಡಲೇ ಎಂದು ಕೇಳಿದೆ. "ಬ್ಯಾಡ್ರಿ ಮೇಡಮ್ರಿ" ಎಂದಳು ಥಟ್ಟನೆ.

ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಹೊಸ ಚೀಟಿಗಳು ಐಸಿನ ನೀರಿಗೆ ನೆನೆದು ಕಳಚಿಕೊಳ್ಳುತ್ತಿದ್ದವು. ಅಫಜಲಪುರದವಳು ಅವುಗಳ ಮೇಲೆ ಪಾರದರ್ಶಕ ಪಟ್ಟಿ ಸುತ್ತತೊಡಗಿದಳು, ಆಗ ನಮ್ಮ ಸ್ಕ್ಯಾನರಿಗೆ ನಂಬರು ಓದಲು ಬರಲಿಲ್ಲ. ಬೇರೆ ಕಾಗದ ತರಿಸಿದೆವು. ಈಗ ತಿಂಗಳಿಗೊಮ್ಮೆ ಒಂದೊಂದು ಊರಿನ ಚಿತ್ರ ತೆಗೆದು ಹಿಂದಿನ ತಿಂಗಳದ್ದರ ಪಕ್ಕ ಇಟ್ಟು ನೋಡುತ್ತೇನೆ. ಬದಲಾದ ಕಡೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಡಾಕ್ಟರಿಗೆ ಕೊಡುತ್ತೇನೆ. ಅವರು ನಿಟ್ಟುಸಿರು ಬಿಟ್ಟು, "ಹೋಗಿ ನೋಡಿ ಬರ್ರಿ" ಎನ್ನುತ್ತಾರೆ. ಕೆಂಪು ಗೆರೆಯನ್ನು ತೆಗೆಸಿದ್ದೇವೆ.

ಹೋದ ವಾರ ಅಫಜಲಪುರದ ಕೇಂದ್ರ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಜಾಗಕ್ಕೆ ಹೋಯಿತು. ಅಲ್ಲಿ ನೆಟ್ಟು ಚೆನ್ನಾಗಿ ಬರುತ್ತದೆ. ಆದರೂ ಡಬ್ಬಿ ಈಗ ಅರ್ಧ ತಾಸು ತಡವಾಗಿ ಮುಚ್ಚುತ್ತಿದೆ. ಯಾಕೆಂದು ಫೋನಿನಲ್ಲಿ ಕೇಳಿದೆ. "ನೀವೇ ಬಂದು ನೋಡ್ರಿ, ಹೇಳಿದ್ರ ತಿಳ್ಯಂಗಿಲ್ಲ" ಎಂದು ಟೆಕ್ನಿಷಿಯನ್ ಫೋನಿಟ್ಟಳು. ನಾಳೆ ಬೆಳಗಿನ ಬಸ್ಸಿಗೆ ಹೋಗಬೇಕು. ಆ ಬಸ್ಸಿನ ವೇಳೆಯೂ ಬದಲಾಗಿದೆಯಂತೆ, ಮೊದಲು ಅದನ್ನು ಯಾರನ್ನಾದರೂ ಕೇಳಬೇಕು.